ತರಗತಿಯ ಗೋಡೆಯ ಮೇಲೆ ನಮ್ಮ ದೇಶದ ವಿಜ್ಞಾನದ ನಕಾಶೆ ಮಾಡುವುದು ಹೇಗೆ

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯ ಮಕ್ಕಳಿಗೆ, ‘ನಮ್ಮ ದೇಶದಲ್ಲಿ ಏನೇನು ಸಂಶೋಧನೆ ನಡೆದಿದೆ, ಬರೆಯಿರಿ’ ಅಂದೆ. 38 ಹಾಳೆ ಬಂದವು. ಎಲ್ಲದರಲ್ಲೂ ರಾಕೆಟ್ ಇತ್ತು. ಕೆಲವರು ಸಿ.ವಿ. ರಾಮನ್ ಹೆಸರು ಬರೆದಿದ್ದರು. ಅಷ್ಟೇ. ರಾಕೆಟ್ ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮದೇ ಜಿಲ್ಲೆಯ ಒಂದು ಕಾಡಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿದೆ. ಅದನ್ನು ಒಬ್ಬರೂ ಬರೆದಿರಲಿಲ್ಲ. ಅವತ್ತೇ ಈ ನಕಾಶೆ ಶುರುವಾಯಿತು.

ಸಾಮಾನು ಜಾಸ್ತಿ ಬೇಡ. ದೊಡ್ಡದೊಂದು ಭಾರತದ ನಕಾಶೆ, ಹಿಂದೆ ಅಂಟಿಸಲು ಥರ್ಮೋಕೋಲ್, ಗುಂಡುಸೂಜಿ, ಉಲ್ಲನ್ ದಾರ, ಬಿಳಿ ಮತ್ತು ಹಳದಿ ಚೀಟಿ. ನಕಾಶೆಯ ಸುತ್ತ ಒಂದು ಅಡಿ ಜಾಗ ಖಾಲಿ ಬಿಡಿ. ಅದು ಬೇಕಾಗುತ್ತದೆ.

ಸಂಸ್ಥೆಗಳ ಪಟ್ಟಿ ಹಿಡಿದು ಶುರು ಮಾಡಬೇಡಿ. ನಾನು ಮೊದಲು ಹಾಗೇ ಮಾಡಿದೆ. ಮಕ್ಕಳು ಉದ್ದುದ್ದ ಹೆಸರು ನಕಲು ಮಾಡಿದರು, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಕೈಗೆ ಸಿಗುವ ವಸ್ತುವಿನಿಂದ, ಮನೆಯಲ್ಲಿ ಕೇಳಿದ ಕಾಯಿಲೆಯಿಂದ ಹೊರಡಿ. ಅಲ್ಲಿಂದ ಹಿಂದಕ್ಕೆ ಹೋಗಿ ಕೇಳಿ: ಇದನ್ನು ಯಾರು ಕಂಡುಹಿಡಿದರು? ಎಲ್ಲಿ ಕೂತು? ಹೇಗೆ? ಪ್ರತಿ ಚೀಟಿಯಲ್ಲೂ ನಾಲ್ಕು ಸಾಲು ಸಾಕು. ಪ್ರಶ್ನೆ ಏನಿತ್ತು, ಕೆಲಸ ಮಾಡಿದವರು ಯಾರು, ಊರು ಮತ್ತು ವರ್ಷ, ಹೇಗೆ ತಿಳಿಯಿತು. ಈ ಕೊನೆಯ ಸಾಲು ಬರೆಯಲು ಬರದಿದ್ದರೆ ಚೀಟಿ ಗೋಡೆಗೆ ಹೋಗಬಾರದು.

ನಮ್ಮ ಮೊದಲ ಸೂಜಿ ಸೊರಬದ ಮೇಲೆ ಬಿತ್ತು. ಒಬ್ಬ ಹುಡುಗಿ, ‘ನಮ್ಮಜ್ಜಿ ಮಂಗನ ಕಾಯಿಲೆ ಕಾಲ ನೋಡಿದ್ದಾರೆ, ಮಿಸ್’ ಅಂದಳು. ಅಜ್ಜಿಯನ್ನು ಕೇಳಿಕೊಂಡು ಬಾ ಅಂದೆ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಆಮೇಲೆ ಸೌದೆಗೆ ಹೋದವರಿಗೆ ಜ್ವರ ಬರುತ್ತಿತ್ತು ಅಂತ ಬರೆದುಕೊಂಡು ಬಂದಳು. ವಿಜ್ಞಾನಿಗಳಿಗೆ ಸಿಕ್ಕ ಮೊದಲ ಸುಳಿವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂದೇ ಬಿಟ್ಟಿತೇ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದರು. ಸಿಕ್ಕಿದ್ದು ಬೇರೆಯೇ ವೈರಸ್. ಅದನ್ನು ಹರಡುತ್ತಿದ್ದುದು ಕಾಡಿನ ಉಣುಗು. ಇವತ್ತಿಗೂ ಆ ವೈರಸ್ಸಿಗೆ ಕ್ಯಾಸನೂರಿನ ಹೆಸರೇ ಇದೆ. ಸೊರಬದಿಂದ ಪುಣೆಗೆ ಕೆಂಪು ದಾರ ಎಳೆದೆವು. ಸಮಸ್ಯೆ ಒಂದು ಕಡೆ, ಪ್ರಯೋಗಾಲಯ ಇನ್ನೊಂದು ಕಡೆ ಇದ್ದರೆ ದಾರ ಕಟ್ಟಿ. ಕೆಲಸ ಎಷ್ಟು ದೂರ ನಡೆದುಹೋಗುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಎರಡನೆಯದು ರಾಗಿ. ಮುದ್ದೆ ತಿನ್ನುವವರಿಗೆಲ್ಲ ಈ ಚೀಟಿ ಗೊತ್ತಿರಬೇಕು ಅಂತ ನನ್ನ ಆಸೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ಹೊಸ ತಳಿಗಳನ್ನು ತಂದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ‘ಇಂಡಾಫ್’. ರಾಗಿ ಹೂವು ಎಷ್ಟು ಚಿಕ್ಕದು ಅಂದರೆ, ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ತೆನೆ ತೋರಿಸಿದಾಗಲೇ ಆ ಕೆಲಸದ ಕಷ್ಟ ಅವರಿಗೆ ಅರ್ಥವಾಯಿತು. ನೀವೂ ಹೀಗೇ ಮಾಡಿ. ಚೀಟಿಯ ಪಕ್ಕ ಸಾಧ್ಯವಾದರೆ ನಿಜವಾದ ವಸ್ತುವನ್ನೇ ಇಡಿ.

ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಂಡು ಮೂರನೆಯದಕ್ಕೆ ಹೋಗಿ. ಕಾಲರಾದಲ್ಲಿ ಕೆಡುಕು ಮಾಡುವುದು ಆ ಬ್ಯಾಕ್ಟೀರಿಯಾ ಬಿಡುವ ವಿಷ ಅಂತ ಕಲ್ಕತ್ತಾದ ಶಂಭುನಾಥ್ ಡೇ 1959ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವ ಮಾತ್ರ ಮೊಲದ ಕರುಳಿಗೆ ಹಾಕಿದರೂ ಅಲ್ಲಿ ನೀರು ತುಂಬಿಕೊಂಡಿತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲುತ್ತಿರಲಿಲ್ಲ. ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಇದನ್ನು ಓದಿ ಹೇಳುವಾಗ ನನಗೆ ಪ್ರತಿ ವರ್ಷ ಗಂಟಲು ಕಟ್ಟುತ್ತದೆ.

ಇಲ್ಲೊಂದು ನಿಯಮ ಮಾಡಿಕೊಳ್ಳಿ. ಸೂಜಿ ಹೋಗಬೇಕಾದ್ದು ಕೆಲಸ ನಡೆದ ಊರಿಗೆ, ವಿಜ್ಞಾನಿ ಹುಟ್ಟಿದ ಊರಿಗಲ್ಲ. ಹರಗೋವಿಂದ ಖೊರಾನಾ ಅವರಿಗೆ 1968ರಲ್ಲಿ ನೊಬೆಲ್ ತಂದ ಕೆಲಸ ನಡೆದದ್ದು ಅಮೆರಿಕದಲ್ಲಿ. ಅದಕ್ಕೆ ನಮ್ಮ ನಕಾಶೆಯಲ್ಲಿ ಸೂಜಿ ಇಲ್ಲ. ಮಕ್ಕಳು ಜಗಳಕ್ಕೇ ಬಂದರು, ನಾನು ಬಿಡಲಿಲ್ಲ. ಇನ್ನು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಐನ್‌ಸ್ಟೈನ್‌ಗೆ ಲೇಖನ ಕಳಿಸಿದ್ದು ಢಾಕಾದಿಂದ. ಅದು ಈಗ ಬೇರೆ ದೇಶ. ಅಂಥದ್ದಕ್ಕೇ ಸುತ್ತ ಜಾಗ ಬಿಡಿ ಅಂದದ್ದು.

ಹತ್ತು ಚೀಟಿ ಆದ ಮೇಲೆ ವಿಷಯಕ್ಕೊಂದು ಬಣ್ಣದ ಸೂಜಿ ಕೊಡಿ. ಯಾವ ಬಣ್ಣ ಕಡಿಮೆಯಿದೆ ಅಂತ ತಕ್ಷಣ ಕಾಣುತ್ತದೆ. ನಮ್ಮಲ್ಲಿ ಭೌತವಿಜ್ಞಾನ ಕಡಿಮೆಯಿತ್ತು. ಹುಡುಕಿದಾಗ ಕೋಲಾರ ಸಿಕ್ಕಿತು. 1965ರಲ್ಲಿ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ, ಅಂದರೆ ಬಂಡೆಯನ್ನೂ ತೂರಿಕೊಂಡು ಹೋಗುವ ಅತಿ ಸಣ್ಣ ಕಣಗಳ, ಗುರುತು ಹಿಡಿದರು. ಮೇಲಿನ ಬಂಡೆಯೆಲ್ಲ ಬೇರೆ ಕಣಗಳನ್ನು ತಡೆಯುವ ಜರಡಿಯಾಯಿತು. ಗಣಿತಕ್ಕೆ ಕಾನ್ಪುರ. 2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಖಚಿತವಾಗಿ, ಬೇಗ ಹೇಳುವ ವಿಧಾನ ಕೊಟ್ಟರು. ದೊಡ್ಡ ಯಂತ್ರವೇ ಬೇಕಾಗದ ಸಂಶೋಧನೆಯೂ ಇದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಚೀಟಿ ನನಗೆ ಸಿಕ್ಕಿಲ್ಲ.

ಖಾಲಿ ಜಾಗಗಳನ್ನೂ ನೋಡಿ. ನಮ್ಮ ಈಶಾನ್ಯ ಭಾರತ ನಾಲ್ಕು ತಿಂಗಳು ಬರೀ ಕಾಗದವಾಗಿತ್ತು. ಅಲ್ಲಿ ಏನೂ ನಡೆದಿಲ್ಲ ಅಂತಲ್ಲ, ನಾವು ಹುಡುಕಿರಲಿಲ್ಲ. ಅಸ್ಸಾಮಿನ ಜೋರ್ಹಾಟ್ ಹತ್ತಿರದ ಟೊಕ್ಲಾಯಿಯಲ್ಲಿ 1911ರಿಂದ ಚಹಾ ಗಿಡದ ಸಂಶೋಧನೆ ನಡೆಯುತ್ತಿದೆ!

ಹುಡುಕುವುದು ಎಲ್ಲಿ? ಬೆಂಗಳೂರಿನಿಂದ 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತ. ವಿದ್ಯಾರ್ಥಿಗಳಿಗಾಗಿ ಬರುವ ‘ರೆಸೊನೆನ್ಸ್’ ಕೂಡ. ನನಗೆ ಎಲ್ಲಕ್ಕಿಂತ ಇಷ್ಟ ‘ಶೋಧಗಂಗಾ’. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳು ಅಲ್ಲಿ ಸಿಗುತ್ತವೆ. ಕೃಷಿಯದ್ದಾದರೆ ‘ಕೃಷಿಕೋಶ’. ನಿಮ್ಮ ತಾಲ್ಲೂಕಿನ ಹೆಸರು, ಹೊಳೆಯ ಹೆಸರು, ಬೆಳೆಯ ಹೆಸರು ಇಂಗ್ಲಿಷಿನಲ್ಲಿ ಹಾಕಿ ನೋಡಿ. ಪೂರ್ತಿ ಓದುವುದು ಬೇಡ. ಸಾರಾಂಶ ಓದಿ, ಆಮೇಲೆ ಕೃತಜ್ಞತೆಯ ಪುಟ ಓದಿ. ಹೊಲ ಬಿಟ್ಟುಕೊಟ್ಟ ರೈತರು, ಕಾಡಿನಲ್ಲಿ ದಾರಿ ತೋರಿಸಿದವರು ಅಲ್ಲಿರುತ್ತಾರೆ.

ಪತ್ರಿಕೆಯಲ್ಲಿ ಬಂದ ಸುದ್ದಿ ಹಳದಿ ಚೀಟಿಗೆ. ಪರೀಕ್ಷೆ ನಡೆದದ್ದು ಗಾಜಿನ ತಟ್ಟೆಯ ಜೀವಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಅಂತ ತಿಳಿಯುವ ತನಕ ಅದು ಹಳದಿಯಾಗಿಯೇ ಇರಲಿ. ಒಮ್ಮೆ ‘ಕ್ಯಾನ್ಸರ್‌ಗೆ ಸೊಪ್ಪಿನ ಮದ್ದು’ ಅಂತ ತಲೆಬರಹ ನೋಡಿ ಮಕ್ಕಳು ಕುಣಿದರು. ಮೂಲ ಲೇಖನ ಹುಡುಕಿದರೆ ಅದು ತಟ್ಟೆಯ ಜೀವಕೋಶದ ಪ್ರಯೋಗ. ಅಲ್ಲೇ ನಿಂತಿದೆ, ಇನ್ನೂ ಹಳದಿಯೇ.

ಕೊನೆಗೆ ಹತ್ತಿರದ ಒಂದು ಕೇಂದ್ರಕ್ಕೆ ಪತ್ರ ಬರೆದು, ಒಪ್ಪಿಗೆ ಪಡೆದು, ಮಕ್ಕಳನ್ನು ಕರೆದುಕೊಂಡು ಹೋಗಿ. ಒಮ್ಮೆಗೆ ಇಪ್ಪತ್ತು ಜನ ಸಾಕು. ‘ನಿಮ್ಮ ಸಾಧನೆ ಏನು’ ಅಂತ ಸುಮ್ನೆ ಕೇಳಿಸಬೇಡಿ. ‘ಇವತ್ತು ಬೆಳಗ್ಗೆಯಿಂದ ಏನು ಮಾಡಿದಿರಿ’ ಅಂತ ಕೇಳಿಸಿ. ನಾವು ಹೋದ ಕಡೆ ಒಬ್ಬ ಯುವತಿ ಬೆಳಗ್ಗೆಯಿಂದ ಎಲೆಗಳ ಮೇಲಿನ ಚುಕ್ಕೆ ಎಣಿಸುತ್ತಿದ್ದರು. ಮಕ್ಕಳು ಊಟದ ಬುತ್ತಿ ಬಿಚ್ಚುವುದನ್ನೂ ಮರೆತು ಅವರ ಜೊತೆ ಎಣಿಸಲು ಕೂತರು.