ಶೆಡ್ ಮಕ್ಕಳಿಗೆ ಮೂರನೇ ಡೋಸ್ ಮುಟ್ಟಿಸಿದ್ದು ಹೀಗೆ

ಬೆಂಗಳೂರಿನ ಹೊರವಲಯದ ಕಟ್ಟಡ ಶೆಡ್‌ಗಳಲ್ಲಿ ಯಾದಗಿರಿ, ರಾಯಚೂರು ಕಡೆಯವರೂ ಬಂಗಾಳ, ಬಿಹಾರದವರೂ ಇರುತ್ತಾರೆ. ಎರಡು ತಿಂಗಳಿಗೊಮ್ಮೆ ಜಾಗ ಬಿಡುವವರ ಮಕ್ಕಳಿಗೆ 6, 10, 14ನೇ ವಾರದ ಪೆಂಟಾ (ಐದು ರೋಗ ತಡೆಯುವ ಲಸಿಕೆ) ಮುಗಿಸೋದು ಆಗದ ಮಾತು ಅಂದವರೇ ಹೆಚ್ಚು. ನಮ್ಮ ಪಟ್ಟಿಯ 80 ಚಿಲ್ಲರೆ ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ಮೂರೂ ಆಗಿವೆ.

ಮೊದಲು ಬೆಳಿಗ್ಗೆ 10ಕ್ಕೆ ಹೋಗಿ ಕೆಟ್ಟೆವು. ತಾಯಂದಿರು ಆಗ ಕೆಲಸದಲ್ಲಿ. ಅರ್ಧ ದಿನ ಬಿಟ್ಟರೆ 300 ರೂಪಾಯಿ ಖೋತಾ. ಈಗ ಸಂಜೆ 6ರಿಂದ 8. ಬಟವಾಡೆ ದಿನ ಮಾತ್ರ ಹೋಗಬೇಡಿ, ಶೆಡ್ ಖಾಲಿ. ಲಸಿಕೆ ತಣ್ಣಗಿಟ್ಟು ಒಯ್ಯುವ ಪೆಟ್ಟಿಗೆ, ಅಂದರೆ ಕ್ಯಾರಿಯರ್, ರಾತ್ರಿಯೇ ವಾಪಸ್ ಹೋಗಬೇಕು, ಆಟೊಗೆ 500–600. ಹಣ ಹೋಗುವುದು ಇಲ್ಲೇ.

ಒಮ್ಮೆ ಅವಸರಕ್ಕೆ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ನೇರ ತುಂಬಿದ್ದಕ್ಕೆ ಪೆಂಟಾ ಹೆಪ್ಪುಗಟ್ಟಿ ಅಷ್ಟೂ ವಯಲ್ ಎಸೆಯಬೇಕಾಯಿತು. ಪ್ಯಾಕ್ ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದಾಗ ನೀರು ಕುಲುಕುವ ಸದ್ದು ಬರಬೇಕು, ಆಮೇಲೆ ನಾಲ್ಕೂ ಪ್ಯಾಕ್ ಕ್ಯಾರಿಯರ್‌ನಲ್ಲಿ ಇಡಿ. ಎಂ.ಆರ್. (ದಡಾರ-ರುಬೆಲ್ಲಾ) ಲಸಿಕೆಯ ಪುಡಿ ಕಲಸುವ ದ್ರವ, ಡೈಲ್ಯುಯೆಂಟ್, ಕೈಚೀಲದಲ್ಲಿ ಉಳಿಯುವುದು ಮಾಮೂಲಿ ತಪ್ಪು, ಅದೂ ತಣ್ಣಗಿರಬೇಕು. ಕಲಸಿದ ಮೇಲೆ 4 ಗಂಟೆ, ಅಷ್ಟೇ. ವಯಲ್ ತೆರೆದರೆ ಉಳಿದ ಡೋಸ್ ವೇಸ್ಟ್ ಅಂತ ಲೆಕ್ಕ ಹಾಕಿ ಒಂದು ಮಗುವನ್ನೂ ವಾಪಸ್ ಕಳಿಸಬೇಡಿ, ಆ ಮಗು ಮತ್ತೆ ಸಿಗುವುದಿಲ್ಲ.

ವಿಳಾಸ ಬರೆದುಕೊಳ್ಳುವುದನ್ನೇ ಬಿಟ್ಟೆವು. ಮೂರು ನಂಬರ್ ಸಾಕು: ತಾಯಿಯದು, ಮೇಸ್ತ್ರಿಯದು, ಊರಲ್ಲಿರುವ ಅಜ್ಜಿಯದು. ತಾಯಿಯ ಸಿಮ್ ಬದಲಾಗುತ್ತದೆ, ಅಜ್ಜಿಯದು ಬದಲಾಗುವುದಿಲ್ಲ. ಲಸಿಕೆ ಬರೆಯುವ ತಾಯಿ ಕಾರ್ಡ್ ಮಳೆಗೆ ನೆನೆಯುತ್ತದೆ. ಎರಡೂ ಪುಟದ ಫೋಟೊ ಅವರ ಫೋನಲ್ಲೂ ನಮ್ಮದರಲ್ಲೂ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಯು-ವಿನ್‌ನಲ್ಲಿ ಅಲ್ಲೇ ಎಂಟ್ರಿ ಆದರೆ ಹೊಸ ಜಾಗದ ಸಿಸ್ಟರ್‌ಗೂ ಕಾಣುತ್ತದೆ.

ಡೋಸ್ ಗುರುತಿಗೆ ಕೈಗೆ ಬಣ್ಣದ ದಾರ ಕಟ್ಟಿ ನೋಡಿದೆವು. ವಾರದಲ್ಲಿ ಅಕ್ಕ ತಂಗಿ ದಾರ ಬದಲಿಸಿಕೊಂಡಿದ್ದರು! ಎಸ್‌ಎಂಎಸ್ ಯಾರೂ ಓದಲಿಲ್ಲ. ಅದೇ ಶೆಡ್ಡಿನ ಹೆಂಗಸು ರಾಯಚೂರು ಮಾತಲ್ಲಿ, ಇನ್ನೊಬ್ಬಾಕೆ ಬಂಗಾಳಿಯಲ್ಲಿ ಕಳಿಸಿದ 20 ಸೆಕೆಂಡಿನ ವಾಯ್ಸ್ ಮೆಸೇಜ್‌ಗೆ ಜನ ಬಂದರು. ಮೇಸ್ತ್ರಿಗಳನ್ನು ಒಪ್ಪಿಸಿದ ಬಗೆ ಇಲ್ಲಿ ಬರೆಯುವುದಿಲ್ಲ. ದುಡ್ಡು ಕೊಟ್ಟಿಲ್ಲ ಅಂತ ಮಾತ್ರ ಹೇಳಬಲ್ಲೆವು.

ತಡವಾಗಿ ಬಂದ ಮಗುವಿಗೆ ಮೊದಲಿನಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದ ಮುಂದುವರಿಸಿ, ನಡುವೆ 4 ವಾರ ಇದ್ದರೆ ಸಾಕು. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿ. ರಾತ್ರಿ ಜ್ವರಕ್ಕೆ ಪ್ಯಾರಸಿಟಮಾಲ್ ಎಷ್ಟು ಹನಿ ಅಂತ ತೋರಿಸಿಯೇ ಕಳಿಸಿ. ಹಾಗೆ ತೋರಿಸದ ಶೆಡ್‌ನಲ್ಲಿ ಮರುತಿಂಗಳು ಬಾಗಿಲು ತೆರೆಯಲಿಲ್ಲ.