ಹಳ್ಳಿಯ ದೃಶ್ಯವನ್ನು ಅಭಿವ್ಯಕ್ತಿವಾದಿ ಶೈಲಿಯ ತೈಲಚಿತ್ರವಾಗಿಸುವ ಬಗೆ
ಬೆಂಗಳೂರಿನಿಂದ ಮಾಗಡಿಯ ಕಡೆಗೋ ನಂದಿಬೆಟ್ಟದ ತಪ್ಪಲಿಗೋ ಹೋಗಿಬಂದರೆ ಕೆಮ್ಮಣ್ಣಿನ ದಾರಿ, ಹೆಂಚಿನ ಮನೆ, ಅರಳಿಕಟ್ಟೆ, ರಾಗಿ ಹೊಲ, ಹಿನ್ನೆಲೆಗೆ ಬಂಡೆಗುಡ್ಡ ಎಲ್ಲವೂ ಸಿಗುತ್ತವೆ. ಅಲ್ಲಿಯೇ ಕ್ಯಾನ್ವಾಸ್ ಹೂಡಬೇಕೆಂದಿಲ್ಲ. ಇದ್ದಿಲ ಕಡ್ಡಿಯಲ್ಲಿ ಎರಡು ಮೂರು ಸಣ್ಣ ರೇಖಾಚಿತ್ರಗಳನ್ನು ಬರೆದುಕೊಂಡು, ಆ ಜಾಗ ಮನಸ್ಸಿಗೆ ಉರಿಬಿಸಿಲಾಗಿ ತಟ್ಟಿತೋ ಬಿಕೋ ಎನಿಸಿತೋ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿಕೊಂಡರೆ ಸಾಕು. ಬಣ್ಣಗಳ ಆಯ್ಕೆ ಆ ಗುರುತಿನಿಂದ ಹೊರಡಬೇಕೇ ಹೊರತು ಮೊಬೈಲಿನಲ್ಲಿ ತೆಗೆದ ಫೋಟೋದಿಂದಲ್ಲ.

ಅಭಿವ್ಯಕ್ತಿವಾದಿ ಕಲಾವಿದರಾದ, 1905ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿದ 'ಬ್ರೂಕೆ' ಗುಂಪಿನವರೂ, 1908ರಿಂದ ಬವೇರಿಯಾದ ಮುರ್ನೌ ಊರಿನಲ್ಲಿ ಚಿತ್ರ ಬರೆದ ಗೇಬ್ರಿಯೇಲ ಮ್ಯುಂಟರ್ ಮತ್ತು ಕಾಂಡಿನ್‌ಸ್ಕಿಯವರೂ ಕಣ್ಣಿಗೆ ಕಂಡ ಬಣ್ಣವನ್ನು ಬಿಟ್ಟು ಅನಿಸಿದ ಬಣ್ಣವನ್ನು ಹಿಡಿದರು. ಆ ಸೀಮೆಯ ಗಾಜಿನ ಮೇಲಿನ ಜನಪದ ಚಿತ್ರಗಳಿಂದ ಮ್ಯುಂಟರ್ ಕಪ್ಪು ಹೊರಗೆರೆಯನ್ನೂ ಚಪ್ಪಟೆ ವರ್ಣಖಂಡಗಳನ್ನೂ ಕಲಿತರು. ಆದರೆ ಈ ಶೈಲಿಯೆಂದರೆ ಎಲ್ಲಿಗೆ ಬೇಕಾದರೂ ಯಾವ ಬಣ್ಣವನ್ನಾದರೂ ಬಳಿಯಬಹುದೆಂದು ತಿಳಿಯುವುದು ತಪ್ಪು. ಬಣ್ಣವನ್ನು ಮನಬಂದಂತೆ ಬದಲಿಸಬಹುದು. ತಿಳಿ ಮತ್ತು ಗಾಢ ಛಾಯೆಗಳ ಲೆಕ್ಕವನ್ನು ಮಾತ್ರ ಕೆಡಿಸಬಾರದು.

ಆದ್ದರಿಂದ ಮೊದಲು ದೃಶ್ಯವನ್ನು ತಿಳಿ, ನಡು, ಗಾಢ ಎಂಬ ಮೂರೇ ಛಾಯೆಗಳಿಗೆ ಇಳಿಸಿ ಒಂದು ಕರಡು ಮಾಡಿಕೊಳ್ಳಬೇಕು. ಆಕಾಶ ಎಲ್ಲಕ್ಕಿಂತ ತಿಳಿಯಾಗಿದ್ದರೆ ಅದಕ್ಕೆ ಬಿಳಿ ಬೆರೆಸಿದ ಹಳದಿ ಒಪ್ಪುತ್ತದೆ. ಹೊಂಗೆಮರದ ನೆರಳು ಗಾಢವಾಗಿರುವುದರಿಂದ ಅದು ಕಡುನೇರಳೆಯೂ ಆಗಬಹುದು, ಅಲಿಜರಿನ್ ಕ್ರಿಮ್ಸನ್ನಿನ ಕಡುಗೆಂಪೂ ಆಗಬಹುದು, ಆದರೆ ಕಿತ್ತಳೆಯಾದರೆ ಮರ ನಿಲ್ಲುವುದಿಲ್ಲ. ಅನುಮಾನ ಬಂದಾಗ ಬರೆಯುತ್ತಿರುವ ಚಿತ್ರದ ಕಪ್ಪುಬಿಳುಪು ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕರಡಿನೊಂದಿಗೆ ಹೋಲಿಸಿ ನೋಡಬೇಕು. ಫೋಟೋದಿಂದ ಈ ಕೆಲಸದಲ್ಲಿ ಆಗುವ ನಿಜವಾದ ಉಪಕಾರ ಅದೊಂದೇ.

ಬಣ್ಣಗಳಲ್ಲಿ ಟೈಟೇನಿಯಂ ವೈಟ್, ಕ್ಯಾಡ್ಮಿಯಂ ಹಳದಿ ಮತ್ತು ಕೆಂಪು, ಅಲಿಜರಿನ್, ಅಲ್ಟ್ರಾಮರೀನ್ ಎಂಬ ಕಡುನೀಲಿ, ವಿರಿಡಿಯನ್ ಎಂಬ ಹಸಿರು, ಬರ್ಂಟ್ ಅಂಬರ್ ಎಂಬ ಕಡುಕಂದು, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಇದ್ದರೆ ಸಾಕು. ಅಲ್ಟ್ರಾಮರೀನ್ ಮತ್ತು ಅಂಬರ್ ಕೂಡಿದರೆ ಸಿದ್ಧ ಕಪ್ಪಿಗಿಂತ ಜೀವಂತವಾದ ಕಪ್ಪು ದೊರೆಯುತ್ತದೆ. ಗೆಸ್ಸೊ ಎಂಬ ಬಿಳಿ ತಳಲೇಪ ಬಳಿದ ಕ್ಯಾನ್ವಾಸಿನ ಮೇಲೆ ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಬರ್ಂಟ್ ಸಿಯೆನ್ನಾ ಹಚ್ಚಿ, ಬಟ್ಟೆಯಿಂದ ಒರಸಿ ಒಣಗಲು ಬಿಡಬೇಕು. ಕೊನೆಯಲ್ಲಿ ಕುಂಚದ ಗೀರುಗಳ ನಡುವೆ ಅಲ್ಲಲ್ಲಿ ಇಣುಕುವ ಈ ನೆಲಬಣ್ಣ ನಮ್ಮ ಕೆಮ್ಮಣ್ಣಿಗೆ ಹೇಳಿಮಾಡಿಸಿದಂತಿರುತ್ತದೆ.

ತೆಳು ಅಲ್ಟ್ರಾಮರೀನಿನಲ್ಲಿ ಹೊರಗೆರೆ ಎಳೆಯುವಾಗ ಮನೆಗಳನ್ನು ತುಸು ವಾಲಿಸಿ, ದಾರಿಯನ್ನು ಬೇಕೆಂದೇ ತಿರುಚಬಹುದು. ಮೊದಲು ಗಾಢ ಭಾಗಗಳನ್ನು ಟರ್ಪೆಂಟೈನ್ ಬೆರೆಸಿ ತೆಳುವಾಗಿ ತುಂಬಿ, ಮೇಲಿನ ಪದರಗಳಿಗೆ ಹೋದಂತೆ ಅಗಸೆ ಎಣ್ಣೆಯ ಪ್ರಮಾಣವನ್ನು ಹೆಚ್ಚಿಸಬೇಕು. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಒಣಗುವುದರಿಂದ ಅದು ಕೆಳಗಿದ್ದರೆ ಮೇಲಿನದು ಬಿರಿಯುತ್ತದೆ. ಬಿಸಿಲು ಬೀಳುವ ಗೋಡೆ ಮತ್ತು ಹೆಂಚನ್ನು ಪ್ಯಾಲೆಟ್ ನೈಫಿನಿಂದ ದಪ್ಪವಾಗಿ ಇಡುವುದು ಸೊಗಸು. ಇಟ್ಟ ಬಣ್ಣವನ್ನು ಮತ್ತೆ ಮತ್ತೆ ತೀಡಿದರೆ ಹಸಿ ಬಣ್ಣಗಳು ಕಲಸಿ ಮಣ್ಣುಬಣ್ಣವಾಗುತ್ತವೆ. ಹಾಗಾದ ಜಾಗವನ್ನು ತಿದ್ದಹೋಗದೆ ಕೆರೆದು ತೆಗೆದು ಹೊಸದಾಗಿ ಇಡುವುದೇ ಲೇಸು. ಕಳೆದುಹೋದ ಹೊರಗೆರೆಗಳನ್ನು ಕೊನೆಗೆ ಮತ್ತೆ ಎಳೆಯಬೇಕು, ಆದರೆ ಎಲ್ಲವನ್ನೂ ಅಲ್ಲ.

ಎಣ್ಣೆಬಣ್ಣವು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ; ತಂಪು, ತೇವ ಹೆಚ್ಚಿದಾಗ ಇದು ನಿಧಾನವಾಗುವುದರಿಂದ ಬೆಂಗಳೂರಿನ ಮಳೆಗಾಲದಲ್ಲಿ ಅವಸರ ಸಲ್ಲದು. ಚಿತ್ರವನ್ನು ಗಾಳಿ ಬೆಳಕಿರುವ ಕೋಣೆಯಲ್ಲಿಡಬೇಕು, ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹಳದಿಗಟ್ಟುತ್ತದೆ. ಸಾಮಾನ್ಯ ವಾರ್ನಿಶ್‌ಗೆ ಕನಿಷ್ಠ 6 ತಿಂಗಳು ಕಾಯಬೇಕು, ದಪ್ಪ ಬಣ್ಣಕ್ಕೆ ಇನ್ನೂ ಹೆಚ್ಚು. ಅಗಸೆ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವಾದ್ದರಿಂದ, ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಬೇಕು.