ಕೆಟ್ಟ ಬೋರ್ಡ್ ಕೊಟ್ಟೇ ಹುಡುಗ್ರನ್ನ ಕೆಲಸಕ್ಕೆ ರೆಡಿ ಮಾಡಿದ್ದು: ನನ್ನ ಅನುಭವ

ಎಲೆಕ್ಟ್ರಾನಿಕ್ಸ್ ಹುಡುಗ್ರಿಗೆ ಓಡ್ತಿರೋ ಸರ್ಕ್ಯೂಟ್ ಬೋರ್ಡ್ ಬೇಡ, ಕೆಟ್ಟಿದ್ದೇ ಕೊಡಣ ಅಂದಾಗ ಜೊತೆಗಿದ್ದ ಮೇಷ್ಟ್ರುಗಳೆಲ್ಲ "ಬೇಸಿಕ್ಕೇ ಬರದವ್ರು ರಿಪೇರಿ ಏನ್ ಮಾಡ್ತಾರೆ ಸಾರ್, ಇದ್ದದ್ದೂ ಸುಟ್ಟಾಕ್ತಾರೆ" ಅಂದ್ರು. ಈಗ ಅವ್ರೇ ಬಂದು ನನ್ ಹತ್ರ ಬೋರ್ಡ್ ಇಸ್ಕೊಂಡು ಹೋಗ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಲ್ಯಾಬ್ ಬಜೆಟ್ಟಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಗೆರೆ ಹಿಡಿದು ಓಡೋ ರೋಬೋ ಕಿಟ್‌ಗೇ ಹೋಗ್ತಿತ್ತು. ಎಲ್ಲರ ರೋಬೋನೂ ಗೆರೆ ಮೇಲೆ ಚೆನ್ನಾಗೇ ಓಡ್ತು, ಆದ್ರೆ ಇಂಟರ್‌ವ್ಯೂನಲ್ಲಿ "ಈ ರೆಸಿಸ್ಟರ್ ಯಾಕೆ 330 ಓಮ್?" ಅಂದ್ರೆ ಕಿಟ್ಟಲ್ಲಿ ಅದೇ ಇತ್ತು ಅನ್ನೋದೇ ಉತ್ತರ. ಹೊರಗಿನವ್ರಿಗೆ ದುಡ್ಡು ಕೊಟ್ಟು ಅಭ್ಯಾಸಕ್ಕೆ ಅಂತ ಮಾಕ್ ಇಂಟರ್‌ವ್ಯೂ ಮಾಡ್ಸಿದ್ದೂ ದಂಡ, ಹೆಂಗೆ ಕೂರ್ಬೇಕು ಹೆಂಗೆ ನಗ್ಬೇಕು ಅಂತ ಹೇಳಿ ಹೋದ್ರು ಅಷ್ಟೇ.

ಆಮೇಲೆ ಗುಜರಿ ಬೋರ್ಡ್ ಹಿಡಿದೆ, ಒಂದು ಕಿಟ್ ದುಡ್ಡಿಗೆ ಹದಿನೈದಿಪ್ಪತ್ತು ಬಂತು. ಎಲ್ಲ 12 ವೋಲ್ಟ್ ಒಳಗಿನವು. ಎಸ್‌ಎಂಪಿಎಸ್ (ಮನೆ ಕರೆಂಟನ್ನ ಕಮ್ಮಿ ವೋಲ್ಟಿಗೆ ಇಳಿಸೋ ಪವರ್ ಸಪ್ಲೈ) ಮಾತ್ರ ಕೊಡಲ್ಲ, ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟ್ ಕೂತಿರ್ಬಹುದು. ಮೀಟರ್ ಮುಟ್ಟೋ ಮುಂಚೆ ಎಷ್ಟು ರೀಡಿಂಗ್ ಬರುತ್ತೆ ಅಂತ ಪುಸ್ತಕದಲ್ಲಿ ಪೆನ್ನಿಂದ ಬರೀಲೇಬೇಕು, ತಪ್ಪಾದ್ರೂ ಗೀಚಿ ಅಳಿಸೋ ಹಾಗಿಲ್ಲ.

ಒಬ್ಬ ಹುಡುಗಿಗೆ 7805 (ಇಲ್ಲಿ 12 ವೋಲ್ಟನ್ನ 5 ವೋಲ್ಟಿಗೆ ಇಳಿಸೋ ಐಸಿ) ಇರೋ ಬೋರ್ಡ್ ಸಿಕ್ತು, ಅದರ ಬಿಸಿ ಹೊರಗೆ ಹಾಕೋ ಲೋಹದ ತುಂಡು, ಹೀಟ್‌ಸಿಂಕ್, ನಾನೇ ಕಿತ್ತಿದ್ದೆ. ಸ್ವಲ್ಪ ಹೊತ್ತು 5 ವೋಲ್ಟ್ ಕೊಡುತ್ತೆ, ಬೀಳುತ್ತೆ, ಮತ್ತೆ ಏಳುತ್ತೆ. ಐಸಿ ಬದಲಾಯಿಸಿದ್ಲು, ಅದೇ ಕಥೆ. ಕೊನೆಗೆ ಪುಸ್ತಕ ತೆಗೆದು ಲೆಕ್ಕ ಹಾಕಿದ್ಲು: 12ರಲ್ಲಿ 5 ಹೋದ್ರೆ 7, ಅರ್ಧ ಆಂಪಿಯರ್‌ಗೆ 3.5 ವ್ಯಾಟ್, ಡೇಟಾಶೀಟಲ್ಲಿ (ಐಸಿ ಕಂಪನಿ ಕೊಡೋ ವಿವರ ಪಟ್ಟಿ) ಹೀಟ್‌ಸಿಂಕ್ ಇಲ್ದೆ ವ್ಯಾಟ್‌ಗೆ ಸುಮಾರು 65 ಡಿಗ್ರಿ, ಅಂದ್ರೆ 200 ಡಿಗ್ರಿ ಮೇಲೆ ಏರ್ಬೇಕು, ಐಸಿ ಸುಡೋ ಬದ್ಲು ತಾನೇ ಶಟ್‌ಡೌನ್ ಆಗ್ತಿದೆ! ಇಂಟರ್‌ವ್ಯೂನಲ್ಲಿ ಆ ಒಂದು ಪುಟದ ಮೇಲೇ ಅರ್ಧ ಗಂಟೆ ಮಾತಾಡ್ಸಿದ್ರಂತೆ, ಕೆಲಸನೂ ಆಯ್ತು.

ನಾಲ್ಕು ಜನರ ಗುಂಪು ಮಾಡಿ ನೋಡ್ದೆ, ಒಬ್ಬ ಮಾಡ್ತಾನೆ, ಮೂರು ಜನ ನೋಡ್ತಾರೆ. ಇಬ್ಬರೇ ಸರಿ, ಒಬ್ರ ಕೈಲಿ ಮೀಟರ್ ಪ್ರೋಬ್, ಇನ್ನೊಬ್ರ ಕೈಲಿ ಪುಸ್ತಕ, ಆಗಾಗ ಅದಲು ಬದಲು. ಕೋಡಿಂಗ್ ಬ್ಯಾಚ್‌ಗೂ ಬಗ್ ಹಾಕಿದ ಪ್ರೋಗ್ರಾಂ ಕೊಟ್ಟೆ, ಅಷ್ಟು ಹಿಡೀಲಿಲ್ಲ, ಊಹೆನೇ ಮಾಡ್ದೆ ಕೋಡಲ್ಲಿ ಹತ್ತು ಕಡೆ ಪ್ರಿಂಟ್ ಲೈನ್ ಹಾಕ್ಕೊಂಡು ಕೂರ್ತಾರೆ. ಅದಕ್ಕೆ ಬೇರೆ ದಾರಿ ಹುಡುಕ್ತಿದೀನಿ.

ಹುಡುಗ್ರಿಗೆ ನಾನ್ ಕೊಡೋ ಮೊದಲನೇ ಫಾಲ್ಟ್ ಯಾವಾಗ್ಲೂ ಸರಿಯಾಗಿ ಹಿಡೀದಿರೋ ಸೋಲ್ಡರ್. ಆಮೇಲಿನ ಕ್ರಮ ನನ್ ಹತ್ರನೇ ಇರ್ಲಿ, ವರ್ಷಗಟ್ಟಲೆ ತಿದ್ದಿ ಮಾಡ್ಕೊಂಡಿದ್ದು. ಮುಂಚೆ ಮೂವತ್ತರಲ್ಲಿ ನಾಲ್ಕೈದು ಜನಕ್ಕೆ ಕೋರ್ ಕೆಲಸ, ಅಂದ್ರೆ ಎಲೆಕ್ಟ್ರಾನಿಕ್ಸಲ್ಲೇ ಕೆಲಸ, ಸಿಕ್ತಿತ್ತು, ಹೋದ ಬ್ಯಾಚಲ್ಲಿ ಇಪ್ಪತ್ತು ದಾಟಿತು. ಮುಂದಿನ ಬ್ಯಾಚ್‌ಗೆ ಮೋಟಾರ್ ಡ್ರೈವರ್ ಬೋರ್ಡ್ ಕೂಡಿಡ್ತಾ ಇದೀನಿ.